ಎರಡರ ಮೇಲೆ ಐದರ ಚೀಟಿ

ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವಳನ್ನು ಬೀದಿಯವರೆಲ್ಲ ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿಜ. ಆದರೆ ಸುಮ್ಮಸುಮ್ಮನೆ ಬರುತ್ತಿರಲಿಲ್ಲ. ಆ ವರ್ಷ ಅವಳಿಗೆ ಹಿಡಿದದ್ದು ಆಟದ ಜಲಾಂತರ್ಗಾಮಿಯ ಹುಚ್ಚು. ಚರಂಡಿ ಪೈಪಿನ ತುಂಡಿನಿಂದ ತೋಳುದ್ದದ್ದೊಂದನ್ನು ಅಡುಗೆಮನೆಯ ಮೇಜಿನ ಮೇಲೇ ಕಟ್ಟಿದ್ದಳು. ಅದರ ಹೊಟ್ಟೆಯಲ್ಲೊಂದು ಪುಟ್ಟ ಟ್ಯಾಂಕು, ಪಕ್ಕದಲ್ಲಿ ಪಂಪು. ಮೋಟಾರು ಒಂದು ಕಡೆ ತಿರುಗಿದರೆ ಟ್ಯಾಂಕಿಗೆ ನೀರು ತುಂಬಿ ಮುಳುಗಬೇಕು, ಉಲ್ಟಾ ತಿರುಗಿದರೆ ನೀರು ಹೊರಹೋಗಿ ಮೇಲೇಳಬೇಕು. ರಿಮೋಟಿನ ಕಡ್ಡಿ ಎಳೆದಾಗ ಒಳಗಿನ ಪುಟ್ಟ ತೋಳೊಂದು ತಳ್ಳುವಂಥ, ಮೋಟಾರನ್ನು ಹಾಗೆ ಹಿಂದೆ ಮುಂದೆ ತಿರುಗಿಸುವ ಸ್ವಿಚ್ಚೊಂದು ಬಾಕಿಯಿತ್ತು.

ಎಲೆಕ್ಟ್ರಿಕಲ್ ಅಂಗಡಿಗೆ ಹೊರಟಾಗ ಅವಳ ಟೈಲರ್ ತಮ್ಮನೂ ಜೊತೆಗೆ ಬಂದ, ಹೊಲಿಗೆ ಮಷೀನಿಗೆ ಬಲ್ಬು ಬೇಕೆಂದು. ಅದೇ ತಪ್ಪಾಯಿತು.

“ಪಂಪ್ ಮೋಟಾರ್ ರಿವರ್ಸ್ ಮಾಡೋ ಸ್ವಿಚ್ ಬೇಕು. ಮಧ್ಯದಲ್ಲಿ ಆಫ್ ಇರ್ಬೇಕು. ಶುರುವಾಗುವಾಗ ನಾಲ್ಕು ಆಂಪಿಯರ್ ಎಳೆಯುತ್ತೆ,” ಎಂದಳು.

ಅಂಗಡಿಯವನು ಅವಳ ತಲೆಯ ಮೇಲಿಂದ ತಮ್ಮನನ್ನು ನೋಡಿದ. “ಇದು ತಗೊಳ್ಳಿ ಸರ್, ಐದು ಆಂಪಿಯರ್. ಕಣ್ಣು ಮುಚ್ಕೊಂಡು ಹಾಕ್ಬಹುದು.”

ಸೂಜಿ ದಾರ ಬಿಟ್ಟು ಬೇರೇನೂ ಗೊತ್ತಿಲ್ಲದ ತಮ್ಮ ಗಂಭೀರವಾಗಿ ತಲೆಯಾಡಿಸಿದ.

“ಕೇಳಿದ್ದು ನಾನು,” ಎಂದಳು ಲಿಫ್ಟಕ್ಕ.

“ಗೊತ್ತಾಯ್ತಮ್ಮಾ. ಸರ್‌ಗೆ ಹೇಳಿದೀನಿ, ಅವ್ರೇ ಹಾಕ್ಕೊಡ್ತಾರೆ.”

ಮೈಯೆಲ್ಲ ಉರಿಯಿತು. ಆದರೂ ಸ್ವಿಚ್ಚಿನ ಮೇಲೆ ಐದು ಎಂಬ ಚೀಟಿಯಿತ್ತು, ಮಧ್ಯದಲ್ಲಿ ಆಫ್ ಕೂಡ ಇತ್ತು. ತಂದು ಹಾಕಿದಳು.

ನೀರಿನ ಡ್ರಮ್ಮಿನಲ್ಲಿ ಅದು ಐದು ಸಲ ಮುಳುಗಿ ಎದ್ದಿತು. ಆರನೆಯ ಸಲ ಮುಳುಗಿದ್ದು ಮೇಲೇಳಲೇ ಇಲ್ಲ. ರಿಮೋಟಿನ ಕಡ್ಡಿಯನ್ನು ಎಷ್ಟು ಎಳೆದರೂ ಪಂಪು ನೀರು ಕುಡಿಯುತ್ತಲೇ ಇತ್ತು. ಭುಜದವರೆಗೆ ಕೈಹಾಕಿ ಎತ್ತಿ, ಸ್ವಿಚ್ಚು ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ತುದಿಗಳು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಅನುಮಾನ ಬಂದು ಚೀಟಿಯನ್ನು ಉಗುರಿನಿಂದ ಕೆರೆದಳು. ಕೆಳಗೆ ಅಚ್ಚಾಗಿದ್ದ ಅಂಕಿ ಎರಡು!

ಮರುದಿನ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹಾಜರಾದಳು. ತಮ್ಮನನ್ನೂ ಎಳೆದುಕೊಂಡು ಹೋಗಿದ್ದಳು, “ಬಾಯಿ ಬಿಡ್ಬೇಡ, ತಲೇನೂ ಆಡಿಸ್ಬೇಡ,” ಎಂದು ತಾಕೀತು ಮಾಡಿ.

“ಸರ್ ವೈರ್ ಉಲ್ಟಾ ಕೊಟ್ಟಿರ್ಬೇಕು,” ಎಂದ ಅಂಗಡಿಯವನು.

“ಸರ್ ಬಟ್ಟೆ ಹೊಲೀತಾರೆ. ವೈರ್ ಕೊಟ್ಟಿದ್ದು ನಾನು.” ಬಿಚ್ಚಿದ ಸ್ವಿಚ್ಚನ್ನು ಅವನ ಮುಂದಿಟ್ಟಳು. “ಎರಡರ ಮೇಲೆ ಐದು ಅಂತ ಅಂಟಿಸಿದ್ದು ಯಾರು?”

ಅವನ ಮುಖ ಇಂಗು ತಿಂದ ಮಂಗನಂತಾಯಿತು. “ಹೋಗ್ಲಿ ಬಿಡಿ ಅಮ್ಮಾ, ಆಟದ ಸಾಮಾನು ತಾನೇ?”

“ಆಟದ್ದಾದ್ರೆ ಸುಳ್ಳು ಹೇಳ್ಬಹುದಾ? ಇನ್ಯಾರೋ ಇದನ್ನ ಇನ್ಯಾವುದಕ್ಕೋ ಹಾಕಿ ಬೆಂಕಿ ಹತ್ಕೊಂಡ್ರೆ ಆಗ್ಲೂ ಆಟಾನಾ? ನಾನು ಇಷ್ಟು ವರ್ಷ ಜನರನ್ನ ಮೇಲೆ ಕೆಳಗೆ ಕಳಿಸಿದೀನಿ ಕಣಯ್ಯ. ಒಂದು ಸ್ಕ್ರೂ ಬಗ್ಗೇನೂ ‘ಹೋಗ್ಲಿ ಬಿಡಿ’ ಅಂದಿಲ್ಲ!”

ಬೇರೊಂದು ಕೊಡುತ್ತೇನೆಂದ. ಬೇಡವೆಂದಳು. ಕಪಾಟಿನಲ್ಲಿರುವ ಅಷ್ಟೂ ಸ್ವಿಚ್ಚುಗಳ ಚೀಟಿ ಕೀಳುವವರೆಗೆ ಕದಲುವುದಿಲ್ಲವೆಂದು ಸ್ಟೂಲು ಎಳೆದು ಕುಳಿತೇಬಿಟ್ಟಳು. ಗಿರಾಕಿಗಳು ಒಬ್ಬೊಬ್ಬರಾಗಿ ಕತ್ತು ಚಾಚತೊಡಗಿದ ಮೇಲೆ ಅವನು ಹಲ್ಲು ಕಚ್ಚಿಕೊಂಡು ಕೀಳತೊಡಗಿದ. ಮೂವತ್ತೊಂದಿದ್ದವು. ಕೊನೆಯದು ಕಿತ್ತ ಮೇಲೆಯೇ ಎದ್ದಳು.

ದಾರಿಯಲ್ಲಿ ತಮ್ಮ ಮೆಲ್ಲಗೆ, “ನಂಗೇನೂ ಗೊತ್ತಿಲ್ಲ ಅಂತ ಅವತ್ತೇ ಹೇಳ್ಬೇಕಿತ್ತು, ಅಕ್ಕಾ,” ಎಂದ.

“ಹೇಳ್ಬೇಕಿತ್ತು. ಸರ್ ಅಂದಿದ್ದೇ ತಡ, ಉಬ್ಬಿಹೋದ್ಯಲ್ಲ!”

ಅವನು ತಲೆ ತಗ್ಗಿಸಿದ.

ಬೇರೆ ಅಂಗಡಿಯಿಂದ ಅವಳು ಲಿಫ್ಟಿನ ಬಾಗಿಲಿಗೆ ಹಾಕುವಂಥ ಎರಡು ಪುಟ್ಟ ಸ್ವಿಚ್ಚು ತಂದಳು. ಒಳಗಿನ ತೋಳು ಒಂದನ್ನು ಒತ್ತಿದರೆ ನೀರು ಒಳಗೆ, ಇನ್ನೊಂದನ್ನು ಒತ್ತಿದರೆ ಹೊರಗೆ, ಎರಡೂ ಬಿಟ್ಟರೆ ಮೋಟಾರು ಗಪ್‌ಚುಪ್. ಅಕಸ್ಮಾತ್ ಎರಡೂ ಒಟ್ಟಿಗೇ ಒತ್ತಿಹೋದರೂ ಏನೂ ಸುಡದೆ ಸುಮ್ಮನೆ ನಿಲ್ಲುವ ಹಾಗೆ ತಂತಿ ಕೊಟ್ಟಳು.

ಭಾನುವಾರ ಪಾರ್ಕಿನ ಕೊಳದಲ್ಲಿ ಜಲಾಂತರ್ಗಾಮಿ ಹನ್ನೆರಡು ಸಲ ಮುಳುಗಿ ಎದ್ದಿತು. ತಮ್ಮ ಚಪ್ಪಾಳೆ ತಟ್ಟಿದ. “ಈಗ್ಲಾದ್ರೂ ಸಿಟ್ಟು ಇಳೀತಾ?”

“ಯಾಕೆ ಇಳೀಬೇಕು? ಅಂಥೋರು ಇನ್ನೆಷ್ಟು ಅಂಗಡೀಲಿ ಕೂತಿದಾರೋ,” ಎನ್ನುತ್ತ ಲಿಫ್ಟಕ್ಕ ಅದನ್ನು ದಡಕ್ಕೆಳೆದು, ಒಳಗೆ ನೀರು ನುಗ್ಗಿದೆಯೋ ಎಂದು ನೋಡಲು ಮುಚ್ಚಳ ತೆರೆಯತೊಡಗಿದಳು.