ಬೆರಳಿಗೆ ತಾಗದ ಮೀನು

ನಮ್ಮ ಮನೆಯವರು ಮೀನು ಹಿಡಿಯಲು ಶುರು ಮಾಡಿದ ಸುದ್ದಿ ನನಗಿಂತ ಮೊದಲು ಇಡೀ ಆಳಂದ ಬಜಾರಿಗೆ ಗೊತ್ತಾಗಿತ್ತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ, ತೊಗರಿ ವ್ಯಾಪಾರ. ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟದ ಮನೆ. ಅಂಥ ಮನೆಯ ಹಿರಿಯ ಮಗ ಮೊಬೈಲಿನಲ್ಲಿ ಯಾರೋ ಪರದೇಶದವರ ವಿಡಿಯೋ ನೋಡಿ ಗಾಳದ ಕೋಲು ತರಿಸಿಕೊಂಡಿದ್ದರು. ಜಗಳಕ್ಕೆ ನಿಂತರೆ ಉತ್ತರ ತಯಾರಿತ್ತು.

"ಇದು ರಬ್ಬರ್ ಹುಳ. ಜೀವ ಇದ್ದದ್ದಲ್ಲ. ಮೀನನ್ನೂ ಹಿಡದು ವಾಪಸ್ ನೀರಿಗೇ ಬಿಡ್ತೇನಿ. ಪಾಪ ಎಲ್ಲಿಂದ ಬಂತು ಹೇಳು."

"ಆ ಮೀನಿಗೇ ಕೇಳ್ರಿ" ಎಂದೆ.

ನಮ್ಮ ಅತ್ತೆ ಮೂರು ದಿನ ಮಗನ ಜೊತೆ ಮಾತು ಬಿಟ್ಟರು. ಆಮೇಲೆ ತಾವೇ ಒಂದು ಕಟ್ಟಳೆ ಮಾಡಿದರು. ಕೋಲು, ಹುಳ ಎಲ್ಲ ಅಂಗಡಿಯಲ್ಲೇ ಇರಬೇಕು, ಮನೆಗೆ ಬರಕೂಡದು. ಕೆರೆಯಿಂದ ಬಂದವರು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬಂದು ಲಿಂಗಪೂಜೆಗೆ ಕೂರಬೇಕು. ಒಂದು ಮೀನು ಸತ್ತರೂ ಆಟ ಅಲ್ಲಿಗೇ ಮುಗಿಯಿತು. ಇವರು ಎಲ್ಲಕ್ಕೂ ತಲೆಯಾಡಿಸಿದರು.

ಕುತೂಹಲ ತಡೆಯಲಾರದೆ ಒಮ್ಮೆ ನಾನೂ ಅವರ ಜೊತೆ ಕೆರೆಗೆ, ಅಂದರೆ ಅಮರ್ಜಾ ಅಣೆಕಟ್ಟಿನ ಹಿನ್ನೀರಿಗೆ ಹೋದೆ. ಮುಳುಗಿದ ಜಾಲಿ ಗಿಡಗಳ ಎದುರು ಒಂದು ಬಂಡೆ, ಅದೇ ಇವರ ಗದ್ದುಗೆ. ಹುಳ ಜಾಲಿಯ ಟೊಂಗೆಗೆ ಸಿಕ್ಕಿಕೊಳ್ಳಬಾರದೆಂದು ಗಾಳದ ಮೊನೆಯನ್ನು ಹುಳದ ಮೈಯೊಳಗೇ ತಿರುಗಿಸಿ ಮುಚ್ಚುತ್ತಿದ್ದರು. ನೀರು ರಾಡಿಯಾಗಿದ್ದರೆ ಕಪ್ಪು ಹುಳ, ತಿಳಿಯಾಗಿದ್ದರೆ ಮಣ್ಣಿನ ಬಣ್ಣದ್ದು. ಸಣ್ಣ ಸೀಸದ ಗುಂಡು ಅದನ್ನು ತಳಕ್ಕೆ ಇಳಿಸುತ್ತದೆ. ಆಮೇಲೆ ಕೋಲಿನ ತುದಿಯನ್ನು ತುಸು ಎತ್ತುವುದು, ಇಳಿಸುವುದು, ಸುಮ್ಮನೆ ಕೂರುವುದು. ನನಗೆ ಆಕಳಿಕೆ ಬಂತು. ಆದರೆ ಅವರ ಬಲಗೈ ತೋರುಬೆರಳು ಮಾತ್ರ ಎಚ್ಚರವಾಗಿತ್ತು. ನೂಲು ಆ ಬೆರಳ ಮೇಲೆ ಹಾದು ಹೋಗಿತ್ತು. ಮೀನು ಹುಳವನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಬೆರಳಿಗೆ ಟಕ್ ಎಂದು ತಾಗುತ್ತದಂತೆ. ಆಗಲೇ ಎಳೆದರೆ ಗಾಳ ತುಟಿಗಷ್ಟೇ ಹತ್ತುತ್ತದೆ, ಬಿಡಿಸಿ ನೀರಿಗೆ ಬಿಟ್ಟರೆ ಬಾಲ ಬೀಸಿ ಹೋಗುತ್ತದೆ. ತಡವಾದರೆ ಮೀನು ಗಾಳವನ್ನು ನುಂಗಿಬಿಡುತ್ತದೆ, ಮತ್ತೆ ಬದುಕುವುದು ಕಷ್ಟ. ಇವರ ಕೈಯಲ್ಲಿ ಒಂದೂ ಸತ್ತಿರಲಿಲ್ಲ. ಚೀಲದೊಳಗೆ ಕೈ ಹಾಕಿ ತೊಗರಿ ಎಷ್ಟು ಹಸಿ ಎಂದು ಹೇಳುವ ಬೆರಳದು, ಮೀನಿನ ತುಟಿ ತಿಳಿಯದೇ ಇದ್ದೀತೆ.

ಹೋದ ವರ್ಷ ಇವರ ಬಲಮಗ್ಗುಲಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು, ಬಲಗೈ ಮಡಚಲೂ ಬಂತು. ಆದರೆ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಕುದಿಯುವ ಚಹದ ಲೋಟ ಹಿಡಿದು ಬೆರಳಲ್ಲಿ ಗುಳ್ಳೆ ಎದ್ದರೂ ಅವರಿಗೆ ಗೊತ್ತಾಗಿದ್ದು ನಾನು ಚೀರಿದಾಗ. ಸ್ಪರ್ಶ ಬರಬಹುದು, ಬರದೆಯೂ ಇರಬಹುದು ಎಂದರು ಕಲಬುರಗಿಯ ಡಾಕ್ಟರು. ಇಷ್ಟು ಹೇಳಲು ಡಾಕ್ಟರೇ ಬೇಕಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು. ಇವರು ಅಂಗಡಿಗೆ ಹೋಗುವುದನ್ನು ಬಿಟ್ಟರು. ಕೈ ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಕೊಟ್ಟ ಚೆಂಡನ್ನು ಮಂಚದ ಕೆಳಗೆ ಎಸೆದರು. ಗೋಡೆ ನೋಡುತ್ತಾ ಕೂರುವುದೇ ಉದ್ಯೋಗವಾಯಿತು. ಬೈದೆ, ರಮಿಸಿದೆ, ಕಣ್ಣೀರು ಹಾಕಿದೆ. ಅವರಿಗೆ ನನಗಿಂತ ಗೋಡೆಯೇ ಹೆಚ್ಚಾಗಿತ್ತು.

ಕೊನೆಗೆ ನಮ್ಮ ಅತ್ತೆಯೇ ಬಂದು ನನ್ನ ಪಕ್ಕ ಕೂತರು. "ಅವನ್ನ ಕೆರಿಗೆ ಕರ್ಕೊಂಡು ಹೋಗವಾ" ಎಂದರು. "ಕೋಲು ಮನಿಗೇ ತರ್ಸು. ನಾ ಏನೂ ಅನ್ನಂಗಿಲ್ಲ."

ಕೆರೆಗೆ ಹೋಗುವಾಗ ಕಾರಿನಲ್ಲಿ ಇವರು ಬಹಳ ದಿನಗಳ ಮೇಲೆ ತಾವಾಗಿ ಮಾತಾಡಿದರು. "ಇವತ್ತು ಬೆರಳಿಗೆ ತಾಗಿದ್ರ ನಾಳಿಂದ ಅಂಗಡಿಗೆ ಹೋಗ್ತೇನಿ."

ಅದೇ ಬಂಡೆಯ ಮೇಲೆ ಕೂತು ಹುಳ ಕಟ್ಟಿದ್ದು ನಾನು. ಅವರು ಹೇಳುತ್ತಾ ಹೋದರು, ನಾನು ಮೂಗು ಸಿಂಡರಿಸುತ್ತಾ ಚುಚ್ಚಿದೆ. ಎಡಗೈಯಿಂದ ಬೀಸಿ ಎಸೆದರು, ನೂಲನ್ನು ಬಲಗೈ ಬೆರಳ ಮೇಲೆ ನಾನೇ ಇಟ್ಟೆ. ಎಡಗೈಯಲ್ಲೇ ಹಿಡಿಯಿರಿ ಎಂದರೆ ಕೇಳಲಿಲ್ಲ. ಕಣ್ಣು ಮುಚ್ಚಿ ಕೂತರು. ಆ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ ನಾನು ಬೇರೆ ಕಡೆ ನೋಡಿದೆ.

ಹಾಗೆ ನೋಡುವಾಗ ನೂಲು ಕಣ್ಣಿಗೆ ಬಿತ್ತು. ಅದು ನೀರಿನ ಮೇಲೆ ಓರೆಯಾಗಿ ಸರಿಯುತ್ತಿತ್ತು. ಗಾಳಿ ಇರಬಹುದೇ ಎಂದುಕೊಂಡೆ. ಇವರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ಈಗ ತಾಗೀತು, ಈಗ ಹೇಳಿಯಾರು ಎಂದು ಕಾದೆ. ಕೊನೆಗೆ ತಡೆಯಲಾಗಲಿಲ್ಲ.

"ನೂಲು ಹೊಂಟದ್ರಿ."

ಕಣ್ಣು ತೆರೆದು ಮೊದಲು ನೂಲನ್ನು, ಆಮೇಲೆ ತಮ್ಮ ಬೆರಳನ್ನು ನೋಡಿಕೊಂಡರು. ಇಬ್ಬರೂ ಸೇರಿ ಎಳೆದೆವು. ಹಾವಿನ ತಲೆಯಂಥ ತಲೆಯ ಕೊರವ ಮೀನು ಬಂತು. ಬಾಯಲ್ಲಿ ಹುಳ ಕಾಣಲಿಲ್ಲ, ಗಂಟಲೊಳಗೆ ಇಳಿದುಹೋಗಿತ್ತು. ಕಿವಿರಿನಿಂದ ರಕ್ತ ಸೋರುತ್ತಿತ್ತು.

"ಎಳೀಬ್ಯಾಡ. ನೂಲು ಕತ್ತರಿಸಿ ನೀರಾಗ ಹಿಡಿ, ಹಿಂದ ಮುಂದ ಆಡ್ಸು. ಉಸಿರು ತಗೋತದ."

ಜನ್ಮದಲ್ಲಿ ಮೀನು ಮುಟ್ಟದವಳು ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ಆಡಿಸಿದೆ. ಬಿಟ್ಟರೆ ಮಗ್ಗುಲಾಗುತ್ತಿತ್ತು. ಮತ್ತೆ ನೇರ ಹಿಡಿಯುತ್ತಿದ್ದೆ, ಮತ್ತೆ ಮಗ್ಗುಲಾಗುತ್ತಿತ್ತು.

"ಹೋತೇನ?" ಎಂದು ಮೇಲಿಂದ ಕೇಳಿದರು. ನಾನು ಮೀನನ್ನು ಮತ್ತೊಮ್ಮೆ ನೇರ ಹಿಡಿದೆ.

ಅವರು ಕೋಲು ಬಿಟ್ಟು, ಕೂತಲ್ಲಿಂದಲೇ ಜಾರುತ್ತಾ ಇಳಿಜಾರು ಇಳಿದು ಬಂದರು. ಕೆಸರಿನಲ್ಲಿ ನನ್ನ ಪಕ್ಕ ಕೂತು ಬಲಗೈಯನ್ನು ಮೀನಿನ ಮೇಲೆ ಇಟ್ಟರು. ತುಂಬಾ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಅಲಗಾಕತ್ತದೇನ ನೋಡು" ಎಂದರು. "ನನಗ ಗೊತ್ತಾಗವಲ್ದು."

ನಾನು ಅವರ ಎಡಗೈ ಹಿಡಿದು ತಂದು ಮೀನಿನ ಮೇಲೆ ಇಟ್ಟೆ.