ಸೂಜಿ ಚುಚ್ಚಿದರೂ ನೋಯದ ಬೆರಳು

ನನಗೆ ರೋಗ ಬಂದಾಗ ನಾನು ಮೊದಲು ಮಾಡಿದ ಕೆಲಸ ದೇವರಿಗೆ ಸ್ತೋತ್ರ ಹೇಳಿದ್ದು. ಅದೂ ಇಪ್ಪತ್ತು ಜನರ ಎದುರಿಗೆ, ಎದ್ದು ನಿಂತು.

ನಾವು ಹಳಿಯಾಳದ ಕಡೆಯ ಸಿದ್ದಿಯರು, ಕ್ರೈಸ್ತರು. ಮನೆಯಲ್ಲಿ ಆಡುವುದು ಕೊಂಕಣಿ, ನನಗೆ ಬರೆಯಲು ಬರುವುದು ಕನ್ನಡ. ನಮ್ಮ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತೇವೆ. ಬಲಗೈಯಲ್ಲಿ ಸೂಜಿ, ಬಟ್ಟೆಯ ಕೆಳಗೆ ಎಡಗೈ. ಸೂಜಿ ಎಲ್ಲಿ ಇಳಿಯಿತು ಎಂಬುದು ಬೆರಳಿಗೆ ಚುಚ್ಚಿದಾಗಲೇ ಗೊತ್ತಾಗುವುದು. ನನ್ನ ಬೆರಳುಗಳು ಮೂವತ್ತು ವರ್ಷ ಚುಚ್ಚಿಸಿಕೊಂಡಿವೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗೈಯ ಉಂಗುರದ ಬೆರಳು, ಕಿರುಬೆರಳು ನೋಯುವುದನ್ನೇ ಬಿಟ್ಟವು.

ಆಗ ಮಗಳು ರೋಜಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಹುಟ್ಟುವ ಮಗುವಿಗೆ ಕೌದಿ ಬೇಗ ಮುಗಿಯಲಿ ಎಂದು ದೇವರೇ ನೋವು ತೆಗೆದಿದ್ದಾನೆ ಎಂದುಕೊಂಡೆ. ಊರಿನ ಜಪಕೂಟದಲ್ಲಿ ಎದ್ದು ನಿಂತು, ದೇವರು ನನಗೆ ಹೀಗೆ ಮಾಡಿದ ಎಂದು ಸಾಕ್ಷಿ ಹೇಳಿದೆ. ಎಲ್ಲರೂ ಆಮೆನ್ ಎಂದರು. ಹೊಲಿಯುವ ಹೆಂಗಸರಿಗಂತೂ ಹೊಟ್ಟೆಕಿಚ್ಚೇ ಆಯಿತು.

ಕೌದಿಯ ಮೇಲೆ ಅಲ್ಲಲ್ಲಿ ರಕ್ತದ ಕಲೆ ಬೀಳುತ್ತಿತ್ತು. ತೊಳೆದು ಸುಮ್ಮನಾಗುತ್ತಿದ್ದೆ.

ಒಂದು ದಿನ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ನನ್ನ ಮೊಣಕೈ ಹತ್ತಿರದ ಬಿಳಿಚಿದ ಮಚ್ಚೆ ನೋಡಿದಳು. ಕಣ್ಣು ಮುಚ್ಚಲು ಹೇಳಿ ಆ ಮಚ್ಚೆಯ ಮೇಲೆ ಪೆನ್ನಿನ ತುದಿ ಊರಿದಳಂತೆ. ಯಾವಾಗ ಊರುತ್ತಾಳೋ ಎಂದು ನಾನು ಕಾಯುತ್ತಲೇ ಇದ್ದೆ.

“ಅಕ್ಕಾ, ನಾಳೆನ ಹಳಿಯಾಳಕ್ಕ ಹೋಗೂಣು. ತಡ ಮಾಡೂದು ಬ್ಯಾಡ,” ಎಂದಳು.

ಹಳಿಯಾಳದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಮೊಣಕೈ ಒಳಗಿನ ನರವನ್ನು ಒತ್ತಿ ಒತ್ತಿ ನೋಡಿದರು. ಹ್ಯಾನ್ಸನ್ ಡಿಸೀಸ್ ಎಂದರು. ಹೆಸರು ಚೆನ್ನಾಗಿಯೇ ಇದೆ ಅನ್ನಿಸಿತು.

“ಅಂದ್ರ ಏನ್ರಿ?”

“ಕುಷ್ಠ ಅಂತಾರಲ್ಲ ಅವ್ವಾ, ಅದ.”

ಮುಂದೆ ಅವರು ಹೇಳಿದ್ದೆಲ್ಲ ಒಳ್ಳೆಯ ಮಾತೇ. ಗುಳಿಗೆಯಿಂದ ವಾಸಿಯಾಗುತ್ತದೆ, ಗುಳಿಗೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ, ಒಂದು ವರ್ಷ ತಪ್ಪಿಸಬಾರದು. ನನ್ನ ತಲೆಗೆ ಹೋದದ್ದು ಒಂದೇ ಶಬ್ದ. ಆ ಶಬ್ದ ನಾನು ಚಿಕ್ಕಂದಿನಿಂದ ಇಗರ್ಜಿಯ ಪೂಜೆಯಲ್ಲಿ, ಬೈಬಲ್ ವಾಚನದಲ್ಲಿ ಕೇಳಿದ್ದು. ಆ ಕಥೆಗಳಲ್ಲಿ ಅಂಥವರು ಊರ ಹೊರಗೆ ಇರುತ್ತಿದ್ದರು.

“ಬೆರಳಿಗೆ ತಿಳಿಯೂದು ತಿರುಗಿ ಬರತೈತೇನ್ರಿ?” ಎಂದು ಕೇಳಿದೆ.

“ಈಗ ಹೇಳಾಕ ಬರೂದಿಲ್ಲ. ಬರಬಹುದು, ಬರದನೂ ಇರಬಹುದು.”

ಮೊದಲ ಗುಳಿಗೆ ಅವರ ಎದುರಿಗೇ ನುಂಗಿದೆ. ಅಂದು ಸಂಜೆ ಮೂತ್ರ ಕೆಂಪಗೆ ಬಂತು.

ಮುಗಿಯಿತು ನನ್ನ ಕಥೆ ಎಂದು ಬಚ್ಚಲಲ್ಲೇ ಕುಸಿದು ಕೂತೆ. ಅದು ಗುಳಿಗೆಯ ಬಣ್ಣ, ಹೆದರಬೇಡಿ ಎಂದು ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದ್ದರು. ಕೇಳಲು ನನ್ನ ಕಿವಿ ಎಲ್ಲಿತ್ತು?

ನಾನೇ ನನ್ನನ್ನು ಹೊರಗಿಟ್ಟುಕೊಂಡೆ. ತಾಟು, ಲೋಟ ಬೇರೆ ಮಾಡಿದೆ. ಹಾಸಿಗೆ ಜಗಲಿಗೆ ತಂದೆ. ಒಳಗೆ ಸೆಕೆ ಎಂದು ರೋಜಿಗೆ ಸುಳ್ಳು ಹೇಳಿದೆ, ಅದೂ ಡಿಸೆಂಬರ್ ಚಳಿಯಲ್ಲಿ. ಅರ್ಧ ಹೊಲಿದ ಕೌದಿಯನ್ನು ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆದೆ. ನನ್ನ ರಕ್ತ ಬಿದ್ದ ಬಟ್ಟೆಯ ಮೇಲೆ ಎಳೆ ಮಗುವನ್ನು ಮಲಗಿಸುವುದುಂಟೇ? ಇಗರ್ಜಿಯಲ್ಲಿ ಕೊನೆಯ ಬೆಂಚಿಗೆ ಹೋದೆ. ಪರಮಪ್ರಸಾದ ಕೊಡುವಾಗ ಫಾದರ್ ಕೈ ನನಗೆ ತಗುಲೀತು ಎಂದು ಸಾಲಿಗೇ ಹೋಗಲಿಲ್ಲ. ಏನೇ ಕಷ್ಟ ಬಂದರೂ ಸ್ವಾಮಿ, ದಾರಿ ತೋರಿಸು ಎಂದು ಕೇಳುವವಳು ನಾನು. ಈಗ ಕೇಳಲು ಬಾಯಿ ಬರುತ್ತಿರಲಿಲ್ಲ. ಹೊರಗೆ ನಡೆ ಎಂದು ಅವನೂ ಬೆರಳು ತೋರಿಸಿಬಿಟ್ಟರೆ? ಸತ್ತೇನೆಂಬ ಭಯ ಇರಲಿಲ್ಲ ನನಗೆ. ಮೊಮ್ಮಗುವನ್ನು ಎತ್ತಿಕೊಳ್ಳಲಾಗದೆ ಬದುಕಿರಬೇಕಲ್ಲ, ಅದರ ಭಯ.

ಜನವರಿಯಲ್ಲಿ ರೋಜಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಎಲ್ಲರೂ ಸುತ್ತ ನೆರೆದರು. ನಾನು ಹೊಸ್ತಿಲ ಆಚೆ ನಿಂತೆ.

“ಅವ್ವಾ, ಬಾ. ಎತ್ತಿಕೋ,” ಎಂದಳು ರೋಜಿ.

“ಕೈ ಹೊಲಸಾಗ್ಯಾವ,” ಎಂದೆ.

ಆಗ ನನ್ನ ಅತ್ತೆ ಸಿಡಿದರು. ಎಂಬತ್ತು ದಾಟಿದ ಮುದುಕಿ, ಓದು ಬರಹ ಇಲ್ಲ, ಬಾಯಿ ಮಾತ್ರ ಇಗರ್ಜಿಯ ಗಂಟೆಗಿಂತ ಜೋರು.

“ಎಷ್ಟು ದಿನ ಈ ನಾಟಕ? ಆಶಾದಾಕಿ ಬಂದು ನಮ್ಮ ಎಲ್ಲಾರ ಮೈ ತಪಾಸ ಮಾಡ್ಯಾಳ. ಯಾಕ ಅಂತ ನಾವು ಕೇಳಿಲ್ಲಂತ ತಿಳದೀಯೇನ?”

ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಇನಾಸ್‌ಗೆ, ಅತ್ತೆಗೆ, ರೋಜಿಗೂ. ನಾನಾಗಿ ಹೇಳಲಿ ಎಂದು ಕಾಯುತ್ತಿದ್ದರಂತೆ.

“ಮಗೀಗೆ ಏನರ ಆದ್ರ ಏನ್ ಮಾಡ್ಲಿ ಅತ್ತಿ?” ಎಂದು ಅತ್ತುಬಿಟ್ಟೆ.

“ಡಾಕ್ಟರ್ ಏನ್ ಅಂದಾರ? ಹರಡೂದಿಲ್ಲ ಅಂದಾರೋ ಇಲ್ಲೋ? ದೇವರ ಮ್ಯಾಲೆ ವಿಶ್ವಾಸ ಅಂತೀ, ಅವ ಕಳಿಸಿದ ಡಾಕ್ಟರ್ ಮ್ಯಾಲೆ ಇಲ್ಲೇನ? ಯೇಸುಸ್ವಾಮಿ ಕುಷ್ಠದವನ್ನ ಆರಾಮ ಮಾಡಿ ಆಮ್ಯಾಲೆ ಮುಟ್ಟಿದನೇನ? ಮೊದಲ ಮುಟ್ಟಿದ. ಅಷ್ಟು ಓದೀದಿ, ಇಷ್ಟು ತಿಳೀಲಿಲ್ಲ?”

ವರ್ಷವರ್ಷ ಕೇಳಿದ ಕಥೆ. ವಾಸಿಯಾದದ್ದನ್ನಷ್ಟೇ ಕೇಳಿದ್ದೆ, ಮುಟ್ಟಿದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅತ್ತೆ ಇನಾಸನನ್ನು ಅಟ್ಟಕ್ಕೆ ಹತ್ತಿಸಿ ಚೀಲ ಇಳಿಸಿದರು. ಕೌದಿಯನ್ನು ನಾನು ಮುಗಿಸಲೇಬೇಕು ಎಂದು ಹಟ ಹಿಡಿದರು. ನಮ್ಮಲ್ಲಿ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಹೊಲಿಯಬೇಕು. ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. “ಬತ್ತಲೆ ಕೌದಿ ಮ್ಯಾಲೆ ನನ್ನ ಮರಿಮಗಳು ಮಲಗೂದಿಲ್ಲ. ಹೊಲಿ,” ಎಂದರು.

ಹೊಲಿದೆ. ಒಂದು ವಾರ ಹಿಡಿಯಿತು. ಬೆರಳಿಗೆ ತಿಳಿಯುವುದಿಲ್ಲವಲ್ಲ, ಪ್ರತಿ ಹೊಲಿಗೆಗೂ ಬಟ್ಟೆ ಮಗುಚಿ ಕಣ್ಣಲ್ಲಿ ನೋಡಬೇಕು. ಈ ಸಲ ರಕ್ತ ಬೀಳಲಿಲ್ಲ. ಉಳಿದಿದ್ದ ಹಳೆಯ ಕಲೆಗಳನ್ನು ರೋಜಿಯೇ ಸಾಬೂನು ಹಾಕಿ ತಿಕ್ಕಿ, ಬಿಸಿಲಿಗೆ ಹಾಕಿ ತಂದಳು.

ಈಗ ಗುಳಿಗೆಯ ಆರನೆಯ ಪ್ಯಾಕೆಟ್ ನಡೆದಿದೆ. ಮಚ್ಚೆ ಮಾಸುತ್ತಿದೆ. ಬೆರಳು ಹಾಗೆಯೇ ಇದೆ. ತಿಂಗಳು ತಿಂಗಳು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಈಗಲೂ ಹೆದರಿಕೆಯಾಗುತ್ತದೆ. ದೇವರು ಕೈ ಹಿಡಿದಿದ್ದಾನೆ ಎಂಬುದು ದಿನವೂ ಅನುಭವಕ್ಕೆ ಬರುತ್ತದೆ ಎಂದರೆ ಸುಳ್ಳಾದೀತು. ಮತ್ತೆ ಸಾಕ್ಷಿ ಹೇಳು ಎಂದು ಜಪಕೂಟದವರು ಕರೆದರೆ, ಡಾಕ್ಟರನ್ನು ಕೇಳಿ ಬರುತ್ತೇನೆ ಎಂದು ನಗಿಸುತ್ತೇನೆ. ಆದರೆ ಒಂದು ಸಾಕ್ಷಿ ನನ್ನ ಹತ್ತಿರ ಇದೆ.

ಆ ಕೌದಿಯ ಮೇಲೆ ಮಗುವನ್ನು ಮೊದಲ ಸಲ ಮಲಗಿಸಿದ ದಿನ ನಾನು ಪಕ್ಕದಲ್ಲಿ ಕೂತು ರೋಜಿಯೊಡನೆ ಮಾತಾಡುತ್ತಿದ್ದೆ. “ಅವ್ವಾ, ನಿನ್ನ ಕೈ ನೋಡು,” ಎಂದಳು. ಮಗು ನನ್ನ ಎಡಗೈಯ ಕಿರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿತ್ತು. ಎಷ್ಟು ಹೊತ್ತಿನಿಂದ ಹಿಡಿದಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ.