ಪಂಚಮಿಗೆ ಕರೆಯಲು ಬಂದ ತಮ್ಮ

ನನ್ನ ತಮ್ಮನ ಉಗುರುಗಳ ಸಂದಿಯಲ್ಲಿ ಯಾವಾಗಲೂ ಕರಿ ಎಣ್ಣೆ ಕೂತಿರುತ್ತಿತ್ತು. ವಾಯುಪಡೆಯಲ್ಲಿ ವಿಮಾನ ರಿಪೇರಿ ಅವನ ಕೆಲಸ. ರಜೆಗೆ ತುಕ್ಕಾನಟ್ಟಿಗೆ ಬಂದ ದಿನವೇ ಅವ್ವ ಲಿಂಬೆಹಣ್ಣು ಕೊಯ್ದು, ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳು ತಿಕ್ಕುತ್ತಿದ್ದಳು. ಹೊಲದ ಕೆಲಸದಿಂದ ನನ್ನ ಉಗುರುಗಳೂ ಕಪ್ಪಾಗಿದ್ದವು. ಅವುಗಳಿಗೆಂದು ನಮ್ಮ ಮನೆಯಲ್ಲಿ ಲಿಂಬೆಹಣ್ಣು ಕೊಯ್ದದ್ದು ನೆನಪಿಲ್ಲ.

ಅವನು ಹುಟ್ಟಿದಾಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಅವ್ವ ಕಬ್ಬಿನ ಕೆಲಸಕ್ಕೆ ಹೋಗಬೇಕು, ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕು. ನನ್ನ ಓದು ಅಲ್ಲಿಗೆ ಮುಗಿಯಿತು. ಮುಂದೆ ಅದೇ ಶಾಲೆಯ ಬಾಗಿಲವರೆಗೆ ಅವನ ಪಾಟಿಚೀಲ ಹೊತ್ತು ಹೋದವಳೂ ನಾನೇ. ಒಳಗೆ ಹೋಗುವಾಗ ಅವನು ತಿರುಗಿ ಕೈ ಬೀಸುತ್ತಿದ್ದ. ನಾನು ಬೀಸುತ್ತಿರಲಿಲ್ಲ.

ಸಿಟ್ಟೇ ಬರದ ಹುಡುಗ. ಏನು ಅಂದರೂ "ಆತು ಬಿಡಕ್ಕಾ" ಅನ್ನುತ್ತಿದ್ದ. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ. ಜಗಳದಲ್ಲಾದರೂ ನನಗೆ ಸರಿಸಮ ನಿಲ್ಲಬಾರದೆ ಅನ್ನಿಸುತ್ತಿತ್ತು.

ನನ್ನನ್ನು ನಿಡಸೋಸಿಯ ಕಡೆ ಮದುವೆ ಮಾಡಿ ಕೊಟ್ಟರು. ಒಮ್ಮೆ ಅವನು ಗೋಕಾಕದ ಕರದಂಟು ತೆಗೆದುಕೊಂಡು ನಮ್ಮ ಮನೆಗೆ ಬಂದಾಗ ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದರು.

"ನಮ್ಮ ಸೊಸಿ ತಮ್ಮ ನೋಡ್ರಿ. ವಿಮಾನ ಹಾರಸ್ತಾನ."

"ಹಾರಸೂದು ಎಲ್ಲೀದ್ರಿ ಅತ್ತಿ? ಗಾಲಿ ಒರಸ್ತಾನ," ಅಂದೆ ನಾನು.

ಹೆಂಗಸರು ನಕ್ಕರು. ಅವರಿಗಿಂತ ಜೋರಾಗಿ ಅವನೇ ನಕ್ಕ. "ಖರೆ ಐತ್ರಿ. ನಮ್ಮಕ್ಕ ನನ್ನ ಮೂಗು ಒರಸಿ ಕಲಿಸ್ಯಾಳ, ನಾ ಗಾಲಿ ಒರಸಾಕತ್ತೇನಿ."

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಕರೆಯಲು ಬಂದವರ ಜೊತೆ ಹೋಗಬೇಕು. ಬಂದ ತಮ್ಮನನ್ನು ಒಬ್ಬನನ್ನೇ ತಿರುಗಿ ಕಳಿಸಿದರೆ ತವರನ್ನೇ ಮುರಿದುಕೊಂಡಂತೆ. ಅವನಿಗೆ ರಜೆ ಸಿಗದೆ ಪ್ರತಿ ವರ್ಷ ಅಪ್ಪ ಬರುತ್ತಿದ್ದ. ಆ ವರ್ಷ ಅವನೇ ಬರುವವನಿದ್ದ. ನಾನು ಸೀರೆಗಳನ್ನು ಚೀಲಕ್ಕೆ ತುಂಬಿಟ್ಟು ಕಾಯುತ್ತಿದ್ದೆ. ಅಷ್ಟರಲ್ಲಿ ಅವ್ವನ ಫೋನು ಬಂತು.

"ಲಗೂ ಬಾ ಯವ್ವಾ. ಹುಡುಗಗ ಉಂಡಿ ಕಟ್ಟಿ ಕಳಸಬೇಕು. ನನ್ನ ಒಬ್ಬಾಕಿ ಕೈಲೆ ಆಗೂದಿಲ್ಲ."

ನನ್ನ ಹಬ್ಬಕ್ಕೂ ನಾನು ಅವನ ಉಂಡಿ ಕಟ್ಟಲು ಹೋಗಬೇಕೆ? ತುಂಬಿಟ್ಟ ಚೀಲವನ್ನು ಬಾಗಿಲ ಹಿಂದೆ ತಳ್ಳಿದೆ.

ಅವನು ಮೋಟರ್‌ಸೈಕಲ್ ನಿಲ್ಲಿಸಿ ಒಳಗೆ ಬಂದ. "ನಡಿ ಅಕ್ಕಾ, ಜೋಕಾಲಿ ಕಟ್ಟಿ ಬಂದೇನಿ."

"ನಾ ಬರೂದಿಲ್ಲ."

"ಯಾಕ?"

"ನಿನಗ ಕಾರಣ ಹೇಳಬೇಕೇನ?"

"ಹೋಗ ಯವ್ವಾ, ಅಷ್ಟು ದೂರದಿಂದ ಬಂದಾನ," ಅಂದರು ಅತ್ತೆ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಬಾಗಿಲ ಹಿಂದಿನ ಚೀಲ ಅವನ ಕಣ್ಣಿಗೆ ಬಿದ್ದಿತ್ತು. "ಆತು ಬಿಡಕ್ಕಾ" ಅಂದು, ಚಹಾ ಕುಡಿದು, ಒಬ್ಬನೇ ಹೋದ. ಅವತ್ತು ನನಗೆ ದುಃಖವಾಗಲಿಲ್ಲ. ಅವ್ವನ ಮುಂದೆ ಒಮ್ಮೆಯಾದರೂ ಅವನು ಸೋತು ನಿಲ್ಲುತ್ತಾನೆ ಎಂದು ಸಮಾಧಾನವಾಯಿತು. ಬೈಗುಳ ತಪ್ಪಿಸಿಕೊಳ್ಳಲು ಅವ್ವನ ಫೋನನ್ನೂ ಎತ್ತಲಿಲ್ಲ.

ಹಬ್ಬದ ಬೆನ್ನಿಗೇ ಯುದ್ಧ ಸುರುವಾಗಿ ಅವನನ್ನು ವಾಪಸು ಕರೆಸಿಕೊಂಡರು. ಒಂದು ವಿಮಾನವನ್ನು ಹಾರಲು ಸಜ್ಜು ಮಾಡುತ್ತಿದ್ದಾಗ ಅವರ ನೆಲೆಯ ಮೇಲೆ ಬಾಂಬು ಬಿತ್ತು. ಅಲ್ಲೇ ಹೋದ.

ಅವನ ಪೆಟ್ಟಿಗೆ ಬಂದ ದಿನ ಗೋಕಾಕದಿಂದ ಊರವರೆಗೆ ರಸ್ತೆಯ ಎರಡೂ ಬದಿಗೆ ಜನ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಪೆಟ್ಟಿಗೆ ತೆರೆಯುವಂತಿರಲಿಲ್ಲ, ಅವನನ್ನು ಮಲಗಿಸಿಯೇ ಮಣ್ಣು ಮಾಡಿದರು. ಅವ್ವ ಪೆಟ್ಟಿಗೆಯನ್ನು ಬಿಡಲೊಲ್ಲಳು. ನಾನು ಸತ್ತರೆ ಇವಳು ಹೀಗೆ ಅಳುತ್ತಾಳೆಯೆ ಎಂಬ ಯೋಚನೆ ಆಗಲೂ ನನಗೆ ಬಂತು. ಬರಬಾರದಿತ್ತು, ಬಂತು.

ಎಲ್ಲ ಮುಗಿದ ಮೇಲೆ ಅವ್ವ ನನ್ನ ಅತ್ತೆಯ ಕೈ ಹಿಡಿದುಕೊಂಡಳು.

"ಈಗ ಆರಾಮ ಅದೀರೇನ್ರಿ ಬೀಗತಿ? ಪಂಚಮ್ಯಾಗ ಹಾಸಿಗಿ ಹಿಡಿದಿದ್ರಿ ಅಂತ. ಅಕ್ಕ ಚೀಲ ತುಂಬಿಕೊಂಡು ಕುಂತಿದ್ಲು, ಅತ್ತೀನ ಬಿಟ್ಟು ಬರಾಕ ಮನಸ್ಸಾಗಲಿಲ್ಲ ಅಂತ ಹುಡುಗ ಹೇಳಿದ."

ಅತ್ತೆಗೆ ಆ ಹಬ್ಬದಲ್ಲಿ ನೆಗಡಿ ಕೂಡ ಆಗಿರಲಿಲ್ಲ. ಅವರು ನನ್ನ ಕಡೆ ನೋಡಿದರು.

"ಈಗ ಆರಾಮ ಅದೀನ್ರಿ," ಅಂದರು.

ತಿರುಗಿ ಬರುವ ದಾರಿಯಲ್ಲಿ ಮಾತ್ರ ಅತ್ತೆ ಒಂದೇ ಮಾತು ಆಡಿದರು: "ನನ್ನ ಹಾಸಿಗಿ ಹಿಡಿಸಿ ನಿನ್ನ ಮಾನ ಉಳಿಸ್ಯಾನ ನೋಡು."

ಅವ್ವನಿಗೆ ನಾನು ಇನ್ನೂ ನಿಜ ಹೇಳಿಲ್ಲ. ಈಗ ಯಾರೂ ಕರೆಯಲು ಬರುವುದು ಬೇಡವೆಂದು ನಾನೇ ಬಸ್ಸು ಹತ್ತಿ ತವರಿಗೆ ಹೋಗುತ್ತೇನೆ. ಅವ್ವ ಓಣಿಯವರ ಮುಂದೆ, "ಇಂಥಾ ಮಗಳು ಯಾರಿಗದಾಳ? ಅತ್ತೀ ಸಲುವಾಗಿ ತನ್ನ ಹಬ್ಬಾನ ಬಿಟ್ಟಾಕಿ" ಅನ್ನುತ್ತಾಳೆ. ಅವ್ವನ ಬಾಯಿಂದ ಇಂಥ ಮಾತು ಕೇಳಬೇಕೆಂದು ನಾನು ಚಿಕ್ಕಂದಿನಿಂದ ಹಂಬಲಿಸಿದ್ದೆ. ಅದನ್ನೂ ಅವನೇ ಕೊಡಿಸಿ ಹೋದ.